ಬಣವೆ ಹೋಗಿ ಸುರುಳಿ ಬಂತು

ಬೆಂಗಳೂರಿನ ಉತ್ತರ ದಿಕ್ಕಿನ ಊರುಗಳ ಹೆಸರಿನಲ್ಲಿ ಹುಲ್ಲಿನ ನೆನಪು ಇನ್ನೂ ಉಳಿದಿದೆ. ಆರ್.ಟಿ. ನಗರದ ಮಗ್ಗುಲಲ್ಲೇ ಕಾವಲ್ ಬೈರಸಂದ್ರ. ಯಲಹಂಕದ ಹತ್ತಿರ ಜಾರಕಬಂಡೆ ಕಾವಲ್. ಇನ್ನೂ ಮುಂದಕ್ಕೆ ಅರ್ಕಾವತಿಯ ದಿಕ್ಕು ಹಿಡಿದರೆ ಹೆಸರಘಟ್ಟದ ಕಾವಲು. ಕಾವಲು ಎಂದರೆ ದನ ಮೇಯುವುದಕ್ಕೆಂದು ಕಾದಿರಿಸಿದ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿಕೊಂಡು, ಟಿಪ್ಪುವಿನ ಆಳ್ವಿಕೆಯಲ್ಲಿ 'ಅಮೃತಮಹಲ್' ಎಂದು ಹೆಸರು ಬದಲಿಸಿಕೊಂಡ ಅರಸರ ದನದ ಇಲಾಖೆಗೆ ನಾಡಿನ ಎಷ್ಟೋ ಕಡೆ ಇಂಥ ಕಾವಲುಗಳಿದ್ದವು. ಇಂದು ಕಾವಲ್ ಬೈರಸಂದ್ರಕ್ಕೆ ಹೋಗುವ ಬಸ್ಸಿನ ಬೋರ್ಡಿನಲ್ಲಿ ಮಾತ್ರ ಕಾವಲಿದೆ. ಹುಲ್ಲಿದ್ದ ಜಾಗದಲ್ಲಿ ಮನೆಯ ಮೇಲೆ ಮನೆ ಎದ್ದು ನಿಂತಿದೆ.

ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಹುಲ್ಲೂ ಹಸುವೂ ನಗರದಿಂದ ಹೊರಗೆ ಹೋದವು, ಅವುಗಳ ಹೆಸರಿನಲ್ಲಿ ಹುಟ್ಟಿದ ಕಚೇರಿಗಳು ಮಾತ್ರ ಒಳಗೇ ಉಳಿದವು. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು. ಮೇಲ್ಸೇತುವೆ ದಾಟಿ ಬಳ್ಳಾರಿ ರಸ್ತೆಯಲ್ಲಿ ಸಾಗಿದರೆ, 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಎಲ್ಲರ ಬಾಯಲ್ಲಿ ಜಿ.ಕೆ.ವಿ.ಕೆ. ಯಲಹಂಕದಲ್ಲಿ ಹಾಲು ಮಹಾಮಂಡಳಿಯ ಮದರ್ ಡೇರಿ. ಹಸುವಿಗೆ ಔಷಧಿ ಕೊಡುವವರು, ಹಸುವಿನ ಮೇವಿನ ಬಗ್ಗೆ ಪಾಠ ಹೇಳುವವರು, ಹಸುವಿನ ಹಾಲನ್ನು ಪ್ಯಾಕೆಟ್ಟಿಗೆ ತುಂಬುವವರು ಎಲ್ಲರೂ ಈ ಒಂದೇ ಹಾದಿಯಲ್ಲಿ ಸಿಗುತ್ತಾರೆ. ಹಸುವನ್ನು ನೋಡಬೇಕಾದರೆ ಮಾತ್ರ ಇನ್ನಷ್ಟು ದೂರ ಹೋಗಬೇಕು.

ಯಲಹಂಕದಲ್ಲಿ ಎಡಕ್ಕೆ ಹೊರಳಿ ದೊಡ್ಡಬಳ್ಳಾಪುರದ ರಸ್ತೆ ಹಿಡಿದರೆ ಪುಟ್ಟೇನಹಳ್ಳಿ, ಆವಲಹಳ್ಳಿ, ಸಿಂಗನಾಯಕನಹಳ್ಳಿ ಒಂದಾದ ಮೇಲೊಂದು ಹಿಂದೆ ಸರಿಯುತ್ತವೆ. ರಾಜಾನುಕುಂಟೆ ಬರುವ ಹೊತ್ತಿಗೆ ಬಡಾವಣೆಗಳ ನಡುವೆ ಕೆಂಪು ಮಣ್ಣಿನ ಹೊಲ ಇಣುಕತೊಡಗುತ್ತದೆ. ಅಲ್ಲಿಂದ ಪಡುವಣಕ್ಕೆ, ಕಾಕೋಳಿನ ಮೇಲೆ ಹೆಸರಘಟ್ಟಕ್ಕೆ ಹೋಗುವ ದಾರಿಯಲ್ಲಿ ಹೊಲಕ್ಕೂ ಸೈಟಿಗೂ ಸರದಿ ಪಂದ್ಯ ನಡೆದಂತೆ ಕಾಣುತ್ತದೆ. ಒಂದು ರಾಗಿ ಹೊಲ, ಒಂದು ಕಲ್ಲು ನೆಟ್ಟ ಲೇಔಟು, ಒಂದು ದ್ರಾಕ್ಷಿ ಚಪ್ಪರ, ಮತ್ತೊಂದು ಲೇಔಟು. ನವೆಂಬರ್ ಕಳೆದು ಸಂಕ್ರಾಂತಿಯವರೆಗೆ ಈ ದಾರಿಯಲ್ಲಿ ಹೋದವರಿಗೆ, ಕಟಾವಾದ ರಾಗಿ ಹೊಲಗಳಲ್ಲಿ ಒಂದು ಹೊಸ ನೋಟ ಕಾಣಸಿಗುತ್ತದೆ. ಯಾರೋ ದೊಡ್ಡ ದೊಡ್ಡ ಒನಕೆ ತುಂಡುಗಳನ್ನು ಚೆಲ್ಲಿಹೋದ ಹಾಗೆ ಹೊಲದ ತುಂಬ ಹುಲ್ಲಿನ ಸುರುಳಿಗಳು ಬಿದ್ದಿರುತ್ತವೆ. ರೈತರ ಬಾಯಲ್ಲಿ ಅದು 'ರೋಲು'.

ಗಂಟೆ ಬಾರಿಸುವ ಮಷಿನ್ನು

ರೋಲು ಕಟ್ಟುವ ಮಷಿನ್ನು ನೋಡುವುದಕ್ಕೆ ದೊಡ್ಡದೇನಲ್ಲ. ಸಣ್ಣ ಟ್ರ್ಯಾಕ್ಟರಿನ ಹಿಂದೆ ಎರಡು ಚಕ್ರದ ಮೇಲೆ ಕುಳಿತ ಒಂದು ಕಬ್ಬಿಣದ ಪೆಟ್ಟಿಗೆ, ಅಷ್ಟೆ. ಭತ್ತದ ಸೀಮೆಯಾದ ಮಂಡ್ಯ, ಗಂಗಾವತಿ, ದಾವಣಗೆರೆ ಕಡೆಯವರಿಗೆ ಇದು ಹಳೆಯ ಪರಿಚಯ. ರಾಗಿ ಸೀಮೆಗೆ ಬಂದದ್ದು ತಡವಾಗಿ.

ಟ್ರ್ಯಾಕ್ಟರಿನ ಬೆನ್ನಿನಿಂದ ಹೊರಬರುವ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಆ ಶಕ್ತಿಯೇ ಪೆಟ್ಟಿಗೆಗೂ ಉಸಿರು. ಮುಂಭಾಗದಲ್ಲಿ ಬಾಚಣಿಗೆಯ ಹಲ್ಲಿನಂಥ ಉಕ್ಕಿನ ಕಡ್ಡಿಗಳು ಸುತ್ತುತ್ತಾ ನೆಲದ ಮೇಲಿನ ಹುಲ್ಲನ್ನು ಎತ್ತಿ ಒಳಗೆ ಕೊಡುತ್ತವೆ. ಒಳಗೆ ವೃತ್ತಾಕಾರವಾಗಿ ಜೋಡಿಸಿದ ಉರುಳೆಗಳು ಅದನ್ನು ಚಾಪೆ ಸುತ್ತಿದ ಹಾಗೆ ಸುತ್ತುತ್ತವೆ. ಹುಲ್ಲು ತುಂಬಿದಷ್ಟೂ ಸುರುಳಿ ಬಿಗಿಯಾಗುತ್ತದೆ. ಹೊಟ್ಟೆ ತುಂಬಿತೆಂದರೆ ಮಷಿನ್ನೇ ಗಂಟೆ ಬಾರಿಸಿಯೋ ಗುರುತು ತೋರಿಸಿಯೋ ತಿಳಿಸುತ್ತದೆ. ಚಾಲಕ ಟ್ರ್ಯಾಕ್ಟರನ್ನು ನಿಲ್ಲಿಸುತ್ತಾನೆ, ಶಾಫ್ಟು ಮಾತ್ರ ತಿರುಗುತ್ತಲೇ ಇರುತ್ತದೆ. ಆಗ ದಾರವೊಂದು ಒಳನುಗ್ಗಿ ಸುರುಳಿಯ ಈ ತುದಿಯಿಂದ ಆ ತುದಿಗೆ ಸುತ್ತಿಕೊಂಡು, ಕೊನೆಗೆ ಕತ್ತರಿಸಿಹೋಗುತ್ತದೆ. ಹಿಂಬಾಗಿಲು ಮೇಲಕ್ಕೆದ್ದು ರೋಲು ನೆಲಕ್ಕೆ ಬೀಳುತ್ತದೆ. ಬಾಗಿಲು ಮುಚ್ಚಿ ಟ್ರ್ಯಾಕ್ಟರು ಮುಂದಕ್ಕೆ.

ಸುರುಳಿ ಸುಮಾರು ಎರಡು ಅಡಿ ದಪ್ಪ, ಮೂರು ಅಡಿ ಉದ್ದ. ತೂಕ ಹುಲ್ಲಿನ ಜಾತಿ, ಒಣಗಿದ ಹದ ಮತ್ತು ಬಿಗಿಯನ್ನು ನೋಡಿಕೊಂಡು ಹದಿನೈದು ಕಿಲೋದಿಂದ ಇಪ್ಪತ್ತೈದರವರೆಗೆ. ಹೆಂಗಸರೂ ಎತ್ತಬಹುದು, ಹುಡುಗರು ಉರುಳಿಸಿಕೊಂಡು ಹೋಗಬಹುದು. ಮಷಿನ್ನಿನವರು ಎಕರೆಯ ಲೆಕ್ಕ ಕೇಳುವುದಿಲ್ಲ, ರೋಲಿಗೆ ಇಷ್ಟೆಂದು ಬಾಡಿಗೆ. ಆದ್ದರಿಂದ ಹೊಲದ ಬದುವಿನಲ್ಲಿ ನಿಂತ ಮನೆಯವರ ಕಣ್ಣು ಎಣಿಕೆಯ ಮೇಲೆ. "ಅಣ್ಣಾ, ಇನ್ನೊಂದಿಷ್ಟು ಬಿಗಿ ಮಾಡಣ್ಣ" ಎಂಬ ಬೇಡಿಕೆ ಪ್ರತಿ ಹೊಲದಲ್ಲೂ ಕೇಳುವಂಥದ್ದೇ. ಸಡಿಲ ಕಟ್ಟಿದರೆ ರೋಲು ಹೆಚ್ಚು, ಬಾಡಿಗೆ ಹೆಚ್ಚು. ಬಿಗಿ ಕಟ್ಟಿದರೆ ಮನೆಯವರಿಗೆ ಉಳಿತಾಯ.

ಕಣದ ಕಾಲ

ಈ ಪೆಟ್ಟಿಗೆ ಯಾವ ಕೆಲಸವನ್ನು ನುಂಗಿಕೊಂಡಿತೆಂದು ತಿಳಿಯಬೇಕಾದರೆ ರಾಗಿಯ ಹಳೆಯ ದಾರಿಯನ್ನು ಒಮ್ಮೆ ನೆನೆಯಬೇಕು. ಕುಡುಗೋಲಿನಿಂದ ಕೊಯ್ದ ರಾಗಿಯನ್ನು ಹೊಲದಲ್ಲೇ ಅರಿ ಹಾಕಿ ಕೆಲವು ದಿನ ಒಣಗಲು ಬಿಡುತ್ತಿದ್ದರು. ಬಳಿಕ ಹೊರೆ ಕಟ್ಟಿ ಕಣಕ್ಕೆ ಸಾಗಿಸಿ, ತೆನೆ ಒಳಮುಖವಾಗಿ ಬರುವಂತೆ ಜೋಡಿಸಿ ಮೆದೆ ಒಟ್ಟುತ್ತಿದ್ದರು. ಮಂಜು ಕಳೆದು ಬಿಸಿಲು ಬಲಿತ ಮೇಲೆ ಸಗಣಿ ಸಾರಿಸಿದ ಕಣದಲ್ಲಿ ಮೆದೆ ಬಿಚ್ಚಿ ಹರಡಿ, ಎತ್ತಿಗೆ ಕಲ್ಲಿನ ಗುಂಡು ಕಟ್ಟಿ ಸುತ್ತು ಹೊಡೆಸುವುದು. ಕಾಳು ತೂರುವುದು ಒಂದು ಕಡೆ, ಹುಲ್ಲು ಒಟ್ಟುವುದು ಇನ್ನೊಂದು ಕಡೆ. ಗುಂಡಿನ ಭಾರಕ್ಕೆ ಸಿಕ್ಕಿದ ರಾಗಿ ಕಡ್ಡಿ ಚಪ್ಪಟೆಯಾಗಿ ಮೆತ್ತಗಾಗುತ್ತಿತ್ತು. ದನ ಅದನ್ನು ಚಪ್ಪರಿಸಿ ತಿನ್ನುತ್ತಿತ್ತು.

ಕೊನೆಯದಾಗಿ ಬಣವೆ. ಬಣವೆ ಹಾಕುವುದು ಎಲ್ಲರ ಕೈಗೂ ಬರುವ ವಿದ್ಯೆಯಾಗಿರಲಿಲ್ಲ. ನೆಲದ ಥಂಡಿ ತಾಕದಂತೆ ಕಲ್ಲು, ಕಡ್ಡಿ ಹಾಸಿ, ಹುಲ್ಲಿನ ತುದಿ ಹೊರಕ್ಕೆ ಇಳಿಜಾರಾಗುವಂತೆ ಪದರ ಪದರವಾಗಿ ಒಟ್ಟಿ, ನೆತ್ತಿಯನ್ನು ಗುಡಿಸಲಿನ ಸೂರಿನಂತೆ ಮಾಡಿದರೆ ಮಳೆ ಎಷ್ಟು ಸುರಿದರೂ ನೀರು ಹೊರಗಿನಿಂದಲೇ ಜಾರಿಹೋಗುತ್ತಿತ್ತು. ಚೆನ್ನಾಗಿ ಹಾಕಿದ ರಾಗಿ ಹುಲ್ಲಿನ ಬಣವೆ ಎರಡು ಮೂರು ವರ್ಷ ಕೆಡದೆ ನಿಲ್ಲುತ್ತಿತ್ತು. ಊರಿಗೆ ಹೊಸಬರು ಬಂದರೆ ಮನೆಯ ಸ್ಥಿತಿಗತಿ ತಿಳಿಯುವುದಕ್ಕೆ ಹಿತ್ತಲಿನ ಬಣವೆಯ ಎತ್ತರ ನೋಡಿದರೆ ಸಾಕಾಗಿತ್ತು. ಹೆಣ್ಣು ಕೊಡುವವರೂ ಅದನ್ನೇ ನೋಡುತ್ತಿದ್ದರು. ಮನೆಯ ಹಿಂದೆ ಬಣವೆಯಿದ್ದರೆ ಕೊಟ್ಟಿಗೆಯಲ್ಲಿ ದನವಿದೆ, ದನವಿದ್ದರೆ ಮನೆಯಲ್ಲಿ ಹಾಲುಮೊಸರಿದೆ ಎಂಬುದು ಸರಳ ಲೆಕ್ಕ.

ಈ ಸರಪಳಿಯ ಕೊಂಡಿಗಳು ಒಂದೊಂದಾಗಿ ಕಳಚಿದವು. ಮೊದಲು ಎತ್ತುಗಳು ಹೋದವು, ಗುಂಡು ಹಿತ್ತಲಲ್ಲಿ ಕೂರುವ ಕಲ್ಲಾಯಿತು. ಕಣ ಡಾಂಬರು ರಸ್ತೆಗೆ ಬಂತು. ರಾಗಿಯನ್ನು ರಸ್ತೆಗೆ ಹರಡಿ ಹೋಗಿಬರುವ ಲಾರಿ, ಬಸ್ಸುಗಳ ಚಕ್ರದಿಂದಲೇ ತುಳಿಸುವ ರೂಢಿ ಬಿತ್ತು. ಹುಲ್ಲಿನ ಮೇಲೆ ಬೈಕು ಜಾರಿ ಬಿದ್ದವರೆಷ್ಟೋ, ಅಧಿಕಾರಿಗಳು ಎಚ್ಚರಿಕೆ ಕೊಟ್ಟದ್ದೆಷ್ಟೋ. ಆಮೇಲೆ ಕೈಗಳು ಹೋದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅದಕ್ಕೂ ಮುಂಚೆ, 2007ರಲ್ಲಿ, ಯಲಹಂಕ ನಗರಸಭೆ ಬೃಹತ್ ಬೆಂಗಳೂರಿನೊಳಗೆ ಸೇರಿತ್ತು. ಕೊಯ್ಲಿಗೆ ಬರಬೇಕಾದ ಯುವಕರು ಸೆಕ್ಯೂರಿಟಿ ಕೆಲಸಕ್ಕೆ, ಕ್ಯಾಬ್ ಓಡಿಸುವುದಕ್ಕೆ, ಗಾರ್ಮೆಂಟ್ಸಿಗೆ ಹೋದರು. ಕುಡುಗೋಲಿನ ಬದಲು ಕಟಾವು ಯಂತ್ರ ಬಂತು. ಕೊನೆಗೆ ಜಾಗವೂ ಹೋಯಿತು. ಬಣವೆ ನಿಲ್ಲುತ್ತಿದ್ದ ಹಿತ್ತಲು ಅಣ್ಣತಮ್ಮಂದಿರ ನಡುವೆ ಪಾಲಾಗಿ, ಮೂವತ್ತು ನಲವತ್ತರ ಸೈಟಾಗಿ, ಅದರ ಮೇಲೊಂದು ಬಾಡಿಗೆ ಮನೆ ಎದ್ದಿತು.

ಬಣವೆಗೆ ಜಾಗವಿಲ್ಲದ ಮನೆಗೆ ರೋಲು ಹೇಳಿಮಾಡಿಸಿದಂತೆ ಬಂತು. ಬಿಡಿ ಹುಲ್ಲಿಗೆ ಬೇಕಾಗುವ ಜಾಗದ ಒಂದು ಭಾಗ ಸಾಕು. ತಗಡಿನ ಶೆಡ್ಡಿನಲ್ಲಿ ಅಟ್ಟಣಿಗೆಯಂತೆ ಪೇರಿಸಬಹುದು, ಆರ್‌ಸಿಸಿ ಮನೆಯ ತಾರಸಿಯ ಮೇಲೂ ಇಡಬಹುದು. ಹೆಸರಘಟ್ಟದ ಸುತ್ತಿನ ಹಳ್ಳಿಗಳಲ್ಲಿ ಕೆಳಗೆ ಬಾಡಿಗೆಗಿದ್ದವರ ಸ್ಕೂಟರು, ಮೇಲೆ ತಾರಸಿಯಲ್ಲಿ ಟಾರ್ಪಾಲು ಹೊದ್ದ ಹುಲ್ಲಿನ ರೋಲು ಇರುವ ಮನೆ ಕಂಡರೆ ಅಚ್ಚರಿಪಡಬೇಕಾಗಿಲ್ಲ.

ನೆಬ್ರಾಸ್ಕದಿಂದ ರಾಜಾನುಕುಂಟೆಗೆ

ಹುಲ್ಲನ್ನು ಒತ್ತಿ ಕಟ್ಟುವುದು ಹೊಸ ವಿದ್ಯೆಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ ಕುದುರೆಗಳೇ ಸಾರಿಗೆಯಾಗಿದ್ದಾಗ, ಪಟ್ಟಣದ ಕುದುರೆಗಳಿಗೆ ಹಳ್ಳಿಯಿಂದ ಹುಲ್ಲು ಹೋಗಬೇಕಿತ್ತು. ಒಂದೇ ಜಾಗದಲ್ಲಿ ನಿಲ್ಲಿಸಿದ ಒತ್ತುಯಂತ್ರಕ್ಕೆ ಹುಲ್ಲನ್ನು ಹೊತ್ತು ತಂದು ತುಂಬಿ ಚೌಕದ ಪೆಂಡಿ ಮಾಡುತ್ತಿದ್ದರು. ಹುಲ್ಲನ್ನು ಸುತ್ತಿ ದುಂಡಗೆ ಕಟ್ಟುವ ಯೋಚನೆಗೆ 1910ರಲ್ಲಿ ಪೇಟೆಂಟ್ ಪಡೆದವನು ನೆಬ್ರಾಸ್ಕದ ಉಮ್ಮೋ ಲ್ಯೂಬೆನ್. ಆ ಯೋಚನೆ ದೊಡ್ಡ ಮಾರುಕಟ್ಟೆಗೆ ಬಂದದ್ದು ಎಷ್ಟೋ ಕಾಲದ ನಂತರ. 1947ರಲ್ಲಿ ಅಲಿಸ್-ಚಾಮರ್ಸ್ ಕಂಪೆನಿ 'ರೋಟೊ ಬೇಲರ್' ಎಂಬ ಹೆಸರಿನಲ್ಲಿ ಅದನ್ನು ಹೊರತಂದಿತು. ಅದು ಕಟ್ಟುತ್ತಿದ್ದದ್ದು ಒಬ್ಬ ಮನುಷ್ಯ ಎತ್ತಬಲ್ಲ ಸಣ್ಣ ಸುರುಳಿಯನ್ನು. ಪ್ರತಿ ಸುರುಳಿಗೂ ದಾರ ಸುತ್ತಲು ಟ್ರ್ಯಾಕ್ಟರು ನಿಲ್ಲಲೇಬೇಕಾಗಿತ್ತು.

ದೊಡ್ಡ ಹೊಲಗಳ ದೇಶಕ್ಕೆ ಈ ನಿಂತು ಹೋಗುವ ಕೆಲಸ ಒಗ್ಗಲಿಲ್ಲ. 1971ರಲ್ಲಿ ವರ್ಮೀರ್ ಕಂಪೆನಿ ಟನ್ನಿನ ಹತ್ತಿರ ತೂಗುವ ದೈತ್ಯ ಸುರುಳಿಯ ಯಂತ್ರವನ್ನು ತಂದಿತು. ಅದನ್ನು ಎತ್ತುವುದಕ್ಕೂ ಟ್ರ್ಯಾಕ್ಟರೇ ಬೇಕು. ಸಣ್ಣ ಸುರುಳಿ ಕ್ರಮೇಣ ಅಲ್ಲಿ ಹಿಂದೆ ಸರಿಯಿತು. ಹೀಗೆ ಅಮೆರಿಕ ಬದಿಗಿಟ್ಟ ಅಳತೆಯೇ ನಮ್ಮ ಎರಡು ಎಕರೆ, ಮೂರು ಎಕರೆಯ ರೈತನಿಗೆ ಸರಿಹೋದದ್ದು ಸ್ವಾರಸ್ಯ. ದೈತ್ಯ ಸುರುಳಿಯನ್ನು ರಾಜಾನುಕುಂಟೆಯ ಓಣಿಯಲ್ಲಿ ತಂದವರು ಇಳಿಸುವುದೆಲ್ಲಿ, ಹಸುವಿನ ಮುಂದೆ ಬಿಚ್ಚುವುದು ಹೇಗೆ? ಇಲ್ಲಿ ಹೊಲದ ಬದು ಹತ್ತಿರ, ತಿರುವು ಇಕ್ಕಟ್ಟು, ಮನೆಯ ಬಾಗಿಲು ಸಣ್ಣದು. ಮಷಿನ್ನು ಈ ಮೂರಕ್ಕೂ ತಗ್ಗಿ ನಡೆಯಬೇಕು.

ಎಲ್ಲ ರೈತರೂ ಇಂಥದನ್ನು ಕೊಳ್ಳಲಾರರು, ಕೊಳ್ಳಬೇಕಾಗಿಯೂ ಇಲ್ಲ. ವರ್ಷದಲ್ಲಿ ಕೆಲವೇ ವಾರ ಬೇಕಾಗುವ ಯಂತ್ರವದು. 2014ರಲ್ಲಿ ರಾಜ್ಯದಲ್ಲಿ ಹೋಬಳಿ ಮಟ್ಟದ ಬಾಡಿಗೆ ಕೇಂದ್ರಗಳಿಗಾಗಿ 'ಕೃಷಿ ಯಂತ್ರಧಾರೆ' ಯೋಜನೆ ಬಂದ ಮೇಲೆ ಕೃಷಿ ಯಂತ್ರವನ್ನು ದಿನದ ಬಾಡಿಗೆಗೆ ತರುವ ಅಭ್ಯಾಸ ಊರೂರಿಗೆ ಹಬ್ಬಿತು. ಖಾಸಗಿಯಾಗಿ ಯಂತ್ರ ಕೊಂಡು ಊರಿಂದೂರಿಗೆ ಬಾಡಿಗೆ ಹೊಡೆಯುವವರೂ ಹುಟ್ಟಿಕೊಂಡರು. ಜಿ.ಕೆ.ವಿ.ಕೆ.ಯ ಆವರಣದಲ್ಲಿ ಪ್ರತಿವರ್ಷ ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಯುವ ಕೃಷಿ ಮೇಳದಲ್ಲಿ ಯಂತ್ರಗಳ ಸಾಲಿನ ಮುಂದೆ ಜನ ಜಮಾಯಿಸುವುದನ್ನು ನೋಡಿದರೆ ಕೈ ಕಡಿಮೆಯಾದ ಹಳ್ಳಿಯ ಚಿಂತೆ ಏನೆಂದು ಗೊತ್ತಾಗುತ್ತದೆ.

ಎಕರೆಗೊಂದು ಹಸು

ಇಷ್ಟೆಲ್ಲ ಮಾಡಿ ಉಳಿಸಿಕೊಳ್ಳುವುದಕ್ಕೆ ರಾಗಿ ಹುಲ್ಲಿನಲ್ಲಿ ಅಂಥದೇನಿದೆ? ಈ ಸೀಮೆಯ ರೈತನನ್ನು ಕೇಳಿದರೆ ಭತ್ತದ ಹುಲ್ಲಿನ ಹೆಸರೆತ್ತಿ ಮೂಗು ಮುರಿಯುತ್ತಾನೆ. ಭತ್ತದ ಹುಲ್ಲಿನಲ್ಲಿ ಮರಳಿನ ಅಂಶವಾದ ಸಿಲಿಕ ಹೆಚ್ಚು, ದನಕ್ಕೆ ಜೀರ್ಣವಾಗುವುದು ಕಡಿಮೆ. ರಾಗಿ ಹುಲ್ಲು ಅದಕ್ಕಿಂತ ರುಚಿ, ಅದಕ್ಕಿಂತ ಪುಷ್ಟಿ. ಆದ್ದರಿಂದಲೇ ಈ ಕಡೆಯವರು ರಾಗಿಯ ತಳಿ ಆರಿಸುವಾಗ ತೆನೆಯನ್ನಷ್ಟೇ ನೋಡುವುದಿಲ್ಲ, ಪೈರಿನ ಎತ್ತರವನ್ನೂ ನೋಡುತ್ತಾರೆ. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ಡಾ. ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಬಳಿಕ ಜಿ.ಕೆ.ವಿ.ಕೆ.ಯಿಂದ ಬೆಂಕಿರೋಗ ತಡೆಯುವ ಜಿಪಿಯು-28 ಬಂತು. ಕಾಳು ಮನೆಗೆ, ಕಡ್ಡಿ ಕೊಟ್ಟಿಗೆಗೆ ಎಂಬ ಎರಡು ಬೆಳೆ ಒಂದೇ ಹೊಲದಲ್ಲಿ ಬರುವುದು ರಾಗಿಯ ಹಿರಿಮೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಹಾಲು ಕರೆಯುವ ಒಂದು ಮಿಶ್ರತಳಿ ಹಸುವಿಗೆ ಹಸಿಮೇವು, ಹಿಂಡಿ, ಬೂಸದ ಜೊತೆಗೆ ದಿನಕ್ಕೆ ಆರು ಕಿಲೋ ಒಣಹುಲ್ಲು ಎಂದಿಟ್ಟುಕೊಂಡರೂ ವರ್ಷಕ್ಕೆ ಸುಮಾರು 2,200 ಕಿಲೋ ಬೇಕು. ಇಪ್ಪತ್ತು ಕಿಲೋದ ರೋಲಾದರೆ 110 ರೋಲು. ಮಳೆಯನ್ನೇ ನಂಬಿದ ರಾಗಿ ಹೊಲದಲ್ಲಿ ಒಳ್ಳೆಯ ವರ್ಷ ಎಕರೆಗೆ ಒಂದೂವರೆಯಿಂದ ಎರಡು ಟನ್ ಹುಲ್ಲು ಸಿಕ್ಕೀತು. ಎಂದರೆ 75ರಿಂದ 100 ರೋಲು. ಒಂದು ಹಸುವಿಗೆ ಒಂದು ಎಕರೆ ಸಾಲದು, ಸ್ವಲ್ಪ ಕಡಿಮೆಯೇ ಬೀಳುತ್ತದೆ.

ಈ ಲೆಕ್ಕದಲ್ಲಿ ಉತ್ತರ ಬೆಂಗಳೂರಿನ ಹಳ್ಳಿಗಳ ಪಾಡು ಅಡಗಿದೆ. ಒಂದು ಎಕರೆ ಲೇಔಟಾದರೆ ರಾಗಿ ಮೂಟೆಯನ್ನು ಅಂಗಡಿಯಿಂದ ತರಬಹುದು. ಹುಲ್ಲು ಮಾತ್ರ ಅಷ್ಟು ಸುಲಭವಾಗಿ ಬರುವುದಿಲ್ಲ. ದೂರದಿಂದ ತರಿಸಿದ ಹುಲ್ಲಿಗೆ ಲಾರಿ ಬಾಡಿಗೆ ಸೇರಿ, ಹಾಲಿನ ಬಟವಾಡೆಯ ದುಡ್ಡೆಲ್ಲ ಮೇವಿಗೇ ಸರಿಹೋಗುತ್ತದೆ. ಆಗ ಮನೆಯಾಕೆ ಒಂದು ದಿನ ಹಸುವನ್ನು ಮಾರುವ ಮಾತೆತ್ತುತ್ತಾಳೆ. ಈ ಕಡೆಯ ಹಳ್ಳಿಗಳಲ್ಲಿ ಡೇರಿಗೆ ಹಾಲು ಹಾಕಿ ಬರುವ ದುಡ್ಡು ಬಹುಮಟ್ಟಿಗೆ ಹೆಂಗಸರ ಕೈಯ ದುಡ್ಡು. ಮಕ್ಕಳ ಸ್ಕೂಲು ಫೀಜು, ಚೀಟಿ ಹಣ, ಔಷಧಿ ಎಲ್ಲವೂ ಅದರಲ್ಲೇ. ಎಕರೆ ಮಾರಿದಾಗ ಬಂದ ಇಡುಗಂಟು ಗಂಡಸರ ಹೆಸರಿನ ಖಾತೆಗೆ ಹೋದರೆ, ಹಸು ಹೋದಾಗ ನಿಂತುಹೋಗುವುದು ಹೆಂಗಸರ ವಾರದ ಸಂಪಾದನೆ.

ರೋಲಿನ ರಗಳೆ

ಹೊಸ ವಿದ್ಯೆಯೆಂದ ಮೇಲೆ ಹೊಸ ತೊಡಕೂ ಇದ್ದದ್ದೇ. ಮೊದಲನೆಯದು ಒಣಗಿನ ಹದ. ರಾಗಿ ಕಡ್ಡಿ ದಪ್ಪ, ಗೆಣ್ಣಿನಲ್ಲಿ ತೇವ ಉಳಿದುಬಿಡುತ್ತದೆ. ಹೊರಗಿನಿಂದ ಒಣಗಿದಂತೆ ಕಂಡ ಹುಲ್ಲನ್ನು ಬಿಗಿಯಾಗಿ ಸುತ್ತಿದರೆ ಒಳಗೆ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಎರಡು ತಿಂಗಳು ಬಿಟ್ಟು ಬಿಚ್ಚಿದರೆ ನಡುವೆ ಕಪ್ಪು, ಮೂಗಿಗೆ ಮುಗ್ಗಲು ವಾಸನೆ. ಇಂಥ ಹುಲ್ಲು ತಿಂದ ಹಸು ಹಾಲು ಇಳಿಸುತ್ತದೆ, ಗಬ್ಬದ ಹಸುವಿಗೆ ಅಪಾಯ. ಅನುಭವಸ್ಥರು ಒಂದು ಹಿಡಿ ಕಡ್ಡಿಯನ್ನು ತಿರುಚಿ ನೋಡುತ್ತಾರೆ. ಲಟಕ್ಕನೆ ಮುರಿದರೆ ಮಷಿನ್ನಿಗೆ ಹೇಳಿಕಳಿಸಬಹುದು, ಬಳುಕಿದರೆ ಇನ್ನೆರಡು ಬಿಸಿಲು ಕಾಯಬೇಕು. ಕಷ್ಟವೆಂದರೆ ಬಾಡಿಗೆ ಮಷಿನ್ನು ಕಾಯುವುದಿಲ್ಲ. ಪಕ್ಕದ ಹೊಲಕ್ಕೆ ಬಂದ ದಿನವೇ ತನ್ನ ಹೊಲವನ್ನೂ ಮುಗಿಸಿಕೊಳ್ಳಬೇಕೆಂಬ ಆತುರಕ್ಕೆ ಎಷ್ಟೋ ರೋಲು ಹಾಳಾಗುತ್ತವೆ.

ಎರಡನೆಯದು ದಾರ. ಸೆಣಬಿನ ದಾರವಾದರೆ ಚಿಂತೆಯಿಲ್ಲ. ಅಗ್ಗವೆಂದು ಪ್ಲಾಸ್ಟಿಕ್ ಹುರಿ ಸುತ್ತಿದರೆ, ಅವಸರದಲ್ಲಿ ಬಿಚ್ಚುವಾಗ ತುಂಡು ಹುಲ್ಲಿನೊಡನೆ ಸೇರಿ ಹಸುವಿನ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಅದು ಕರಗುವುದಿಲ್ಲ. ದಾರವನ್ನು ಎಣಿಸಿ ಮೊಳೆಗೆ ನೇತುಹಾಕುವ ಅಭ್ಯಾಸವಿರುವ ಮನೆಯಲ್ಲಿ ಹಸು ಸುಖಿ. ಮೂರನೆಯದು ಕಟಾವು ಯಂತ್ರದ ಜೊತೆಗಾರಿಕೆ. ಕಟಾವು ಯಂತ್ರ ಕಲ್ಲುಮಣ್ಣಿಗೆ ಹೆದರಿ ಪೈರನ್ನು ಮೇಲಕ್ಕೇ ಕತ್ತರಿಸುತ್ತದೆ. ಗೇಣುದ್ದದ ಕೂಳೆ ಹೊಲದಲ್ಲೇ ಉಳಿಯುತ್ತದೆ. ಕುಡುಗೋಲು ಬುಡಕ್ಕೆ ಬಾಗಿ ಕೊಯ್ದು ತಂದಷ್ಟು ಹುಲ್ಲು ಮಷಿನ್ನಿಗೆ ಸಿಗುವುದಿಲ್ಲ.

ನಾಲ್ಕನೆಯ ತೊಡಕು ಕಣ್ಣಿಗೆ ಕಾಣದ್ದು. ಬಿಡಿ ಹುಲ್ಲು ಗಾಡಿಯಲ್ಲಿ ತುಂಬಿದರೆ ನಾಲ್ಕೈದು ಮೈಲಿಗಿಂತ ಆಚೆ ಹೋಗುತ್ತಿರಲಿಲ್ಲ. ಲಾರಿಗೆ ತುಂಬಿದರೆ ಮೇಲಕ್ಕೂ ಪಕ್ಕಕ್ಕೂ ಉಬ್ಬಿ, ದಾರಿಯಲ್ಲಿ ಕರೆಂಟಿನ ತಂತಿ ತಗುಲಿ ಹೊತ್ತಿಕೊಂಡ ಸುದ್ದಿ ಬೇಸಗೆಯಲ್ಲಿ ಆಗಾಗ ಬರುತ್ತಿತ್ತು. ಹೀಗಾಗಿ ಊರ ಹುಲ್ಲು ಊರಲ್ಲೇ ಉಳಿಯುತ್ತಿತ್ತು. ರೋಲಾದ ಹುಲ್ಲು ಇಟ್ಟಿಗೆಯ ಹಾಗೆ ಎಣಿಸಿ ತುಂಬುವ ಸರಕಾಯಿತು, ಎಷ್ಟು ದೂರಕ್ಕಾದರೂ ಹೊರಟಿತು. ಹೊಲದಲ್ಲೇ ಕಾಸು ಕೊಟ್ಟು ರೋಲು ಎತ್ತಿಕೊಂಡು ಹೋಗುವ ವ್ಯಾಪಾರಿ ಬಂದಾಗ, ಕೈಯಲ್ಲಿ ದುಡ್ಡಿಲ್ಲದ ರೈತ ಡಿಸೆಂಬರಿನಲ್ಲಿ ಮಾರಿ ಏಪ್ರಿಲಿನಲ್ಲಿ ಅದನ್ನೇ ಹೆಚ್ಚು ಬೆಲೆಗೆ ಕೊಳ್ಳುವಂತಾಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದಾಗ ಮೇವಿನ ಬೆಲೆ ಏರಿತು, ಮೇವು ರಾಜ್ಯದ ಗಡಿ ದಾಟದಂತೆ ಸರ್ಕಾರ ತಡೆ ಹಾಕಬೇಕಾಯಿತು. ಹಿಂದಿನ ವರ್ಷದ, ಅದರ ಹಿಂದಿನ ವರ್ಷದ ಬಣವೆಯಿದ್ದ ಮನೆಗಳು ಇಂಥ ಬರವನ್ನು ಹೇಗೋ ದಾಟುತ್ತಿದ್ದವು. ರೋಲು ಮಳೆಗೆ ತಾಳುವುದಿಲ್ಲ, ಸೂರಿಲ್ಲದೆ ವರ್ಷಗಟ್ಟಲೆ ಇಡಲಾಗುವುದಿಲ್ಲ. ಬಣವೆ ಹೋದಾಗ ಹೋದದ್ದು ಹಿತ್ತಲ ಜಾಗ ಮಾತ್ರವಲ್ಲ, ಬರಗಾಲಕ್ಕೆಂದು ಇಟ್ಟ ಗಂಟೂ ಹೋಯಿತು.

ಕಟ್ಟದ ಹುಲ್ಲು

ಇದೇ ದಾರಿಯಲ್ಲಿ ಮುಂದುವರಿದರೆ ಹೆಸರಘಟ್ಟ. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟು ಹೆಸರಾಯಿತು. ಕೆರೆಯ ಆಸುಪಾಸಿನಲ್ಲಿ ದನಕರುಗಳಿಗೆ ಸಂಬಂಧಪಟ್ಟ ಸರ್ಕಾರಿ ಕೇಂದ್ರಗಳ ಸಾಲೇ ಇದೆ. ಡೆನ್ಮಾರ್ಕಿನ ನೆರವಿನಿಂದ ಬೆಳೆದ ಘನೀಕೃತ ವೀರ್ಯ ಉತ್ಪಾದನಾ ಮತ್ತು ತರಬೇತಿ ಸಂಸ್ಥೆ ಇಲ್ಲಿಯದು, ಮೇವಿನ ಬೆಳೆಗಳ ಬೀಜ ಬೆಳೆಯುವ ಕೇಂದ್ರ ಸರ್ಕಾರದ ಫಾರಂ ಇಲ್ಲಿಯದು.

ಇವುಗಳ ನಡುವೆ ತೆರೆದುಕೊಂಡಿದೆ ಹೆಸರಘಟ್ಟದ ಹುಲ್ಲುಗಾವಲು. ಡಿಸೆಂಬರಿನ ಹೊತ್ತಿಗೆ ಕರಡ ಮೊಣಕಾಲುದ್ದ ಬೆಳೆದು ಹೊಂಬಣ್ಣಕ್ಕೆ ತಿರುಗಿರುತ್ತದೆ. ಮರವಿಲ್ಲದ ಬಯಲೆಂದರೆ ಪಾಳು ಭೂಮಿಯೆಂದು ತಿಳಿಯುವವರ ಕಣ್ಣಿಗೆ ಇದೂ ಹಾಗೆಯೇ ಕಂಡಿತ್ತು. ಇಲ್ಲಿ ಚಿತ್ರನಗರಿ ಕಟ್ಟುವ ಮಾತು ಹಲವು ಸಲ ಎದ್ದು ಹಲವು ಸಲ ಮಲಗಿತು. ಸಂರಕ್ಷಿತ ಪ್ರದೇಶ ಮಾಡಬೇಕೆಂಬ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಲಿಲ್ಲ. 2024ರಲ್ಲಿ ಮಂಡಳಿ ಮನಸ್ಸು ಬದಲಿಸಿ, ಕೆರೆ ಮತ್ತು ಸುತ್ತಲಿನ ಭೂಮಿಯೂ ಸೇರಿದ ಐದು ಸಾವಿರಕ್ಕೂ ಹೆಚ್ಚು ಎಕರೆಯ ಸಂರಕ್ಷಣಾ ಮೀಸಲಿಗೆ ಒಪ್ಪಿಗೆ ಕೊಟ್ಟಿತು. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ, ಚಳಿಗಾಲದ ವಲಸೆ ಗಿಡುಗಗಳಿಗೆ ಈ ಹುಲ್ಲೇ ಮನೆ. ಇದನ್ನು ಯಾವ ಮಷಿನ್ನೂ ಸುರುಳಿ ಸುತ್ತಬೇಕಾಗಿಲ್ಲ.

ಎಲ್ಲ ಕಡೆಯ ಹುಲ್ಲನ್ನೂ ಹಾಗೆ ಬಿಡುವಂತಿಲ್ಲ ಎಂಬುದಕ್ಕೂ ಯಲಹಂಕದಲ್ಲೇ ಸಾಕ್ಷಿಯಿದೆ. 2019ರ ಫೆಬ್ರವರಿ 23ರಂದು ವಾಯುನೆಲೆಯಲ್ಲಿ ವೈಮಾನಿಕ ಪ್ರದರ್ಶನ ನಡೆಯುತ್ತಿದ್ದಾಗ, ಕಾರು ನಿಲ್ಲಿಸಿದ್ದ ಬಯಲಿನ ಒಣಹುಲ್ಲಿಗೆ ಬೆಂಕಿ ತಗುಲಿತು. ಗಾಳಿ ಬೀಸುತ್ತಿತ್ತು. ನೋಡನೋಡುತ್ತಿದ್ದಂತೆ ಸುಮಾರು 300 ಕಾರುಗಳು ಸುಟ್ಟು ಕರಕಲಾದವು. ಜೀವಹಾನಿಯಾಗಲಿಲ್ಲ ಎಂಬುದೇ ಸಮಾಧಾನ. ನಗರಕ್ಕೆ ಹುಲ್ಲಿನ ಮಹಿಮೆ ಗೊತ್ತಾದದ್ದು ಹೀಗೆ, ಹೊಗೆಯ ಮೂಲಕ. ದನವಿದ್ದ ಕಾಲದಲ್ಲಿ ಫೆಬ್ರವರಿಯವರೆಗೆ ಅಷ್ಟೊಂದು ಒಣಹುಲ್ಲು ಬಯಲಿನಲ್ಲಿ ಉಳಿಯುತ್ತಲೇ ಇರಲಿಲ್ಲ.

ಭೂಮಿಯ ಮಾತಿಗೆ ಬಂದರೆ, ಹಳ್ಳಿಗಳು ಸುಮ್ಮನೆ ಸೋಲೊಪ್ಪಿಕೊಂಡಿವೆ ಎಂದೂ ಹೇಳಲಾಗದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗೆಂದು 1,777 ಎಕರೆ ಸ್ವಾಧೀನಕ್ಕೆ ಹೊರಟಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಎಕರೆಗೊಂದು ಹಸುವಿನ ಲೆಕ್ಕದಲ್ಲಿ ಅಳೆದರೆ, ಅಲ್ಲಿ ಉಳಿದದ್ದು ಬರಿಯ ಮಣ್ಣಲ್ಲ ಎಂಬುದು ತಿಳಿಯುತ್ತದೆ.

ನೋಡಹೋಗುವವರಿಗೆ

ಈ ಸುಗ್ಗಿಯನ್ನು ನೋಡಬೇಕೆಂದಿದ್ದರೆ ಡಿಸೆಂಬರಿನ ಎರಡನೆಯ ವಾರದಿಂದ ಸಂಕ್ರಾಂತಿಯವರೆಗೆ ಒಳ್ಳೆಯ ಕಾಲ. ಯಲಹಂಕದಿಂದ ರಾಜಾನುಕುಂಟೆ, ಅಲ್ಲಿಂದ ಹೆಸರಘಟ್ಟ ಒಂದು ಬೆಳಗಿನ ಪ್ರಯಾಣ. ಬಿಸಿಲೇರಿ ಮಂಜಿನ ತೇವ ಆರುವವರೆಗೆ ಮಷಿನ್ನು ಹೊಲಕ್ಕಿಳಿಯುವುದಿಲ್ಲ, ಹತ್ತು ಹನ್ನೊಂದು ಗಂಟೆಯ ಮೇಲೆ ಹೋದರೆ ಕೆಲಸ ಕಾಣಸಿಗುತ್ತದೆ. ಸಮಯವಿದ್ದವರು ದೊಡ್ಡಬಳ್ಳಾಪುರ ದಾಟಿ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಬಹುದು. ಪುಷ್ಯ ಮಾಸದ ಬ್ರಹ್ಮರಥೋತ್ಸವದ ಆಸುಪಾಸಿನಲ್ಲಿ ಅಲ್ಲಿ ನಡೆಯುವ ದನಗಳ ಜಾತ್ರೆಗೆ ಹಳ್ಳಿಕಾರ್ ಹೋರಿಗಳು ಸಾಲುಗಟ್ಟಿ ಬರುತ್ತವೆ. ಸಂಕ್ರಾಂತಿಯ ಸಂಜೆ ಊರಲ್ಲಿ ಉಳಿದವರಿಗೆ ಕಿಚ್ಚು ಹಾಯಿಸುವ ಸಂಭ್ರಮ. ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹೊತ್ತಿಸಿ, ಸಿಂಗರಿಸಿದ ದನಗಳನ್ನು ಅದರ ಮೇಲೆ ನೆಗೆಸುತ್ತಾರೆ. ವರ್ಷವಿಡೀ ಕಾಪಾಡಬೇಕಾದ ಹುಲ್ಲನ್ನು ಕೈಯಾರೆ ಸುಡುವುದು ಆ ಒಂದು ಸಂಜೆ ಮಾತ್ರ.

ಸಂಜೆ ಐದೂವರೆ ಆರರ ಹೊತ್ತಿಗೆ ಹಳ್ಳಿಯ ಡೇರಿಯ ಮುಂದೆ ಸ್ಟೀಲ್ ಕ್ಯಾನುಗಳ ಸಾಲು ಬೆಳೆಯುತ್ತದೆ. ಹಾಲು ಅಳೆಸಿ ಚೀಟಿ ಪಡೆದ ಹೆಂಗಸರು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಮಾತು ಈಚಿನ ವರ್ಷಗಳಲ್ಲಿ ಬದಲಾಗಿದೆ. ಮೊದಲು "ಬಣವೆ ಹಾಕಿದ್ರೇನಕ್ಕ?" ಎನ್ನುತ್ತಿದ್ದರು. ಈಗ "ಎಷ್ಟು ರೋಲಾಯ್ತಕ್ಕ?" ಎನ್ನುತ್ತಾರೆ. ನೂರು ದಾಟಿದೆಯೆಂದರೆ ಬರುವ ಸುಗ್ಗಿಯವರೆಗೆ ಒಂದು ಹಸುವಿನ ಮೇವಿಗೆ ಚಿಂತೆ ಅಷ್ಟಿಲ್ಲ. ಅದಕ್ಕಿಂತ ಕಡಿಮೆಯಾದರೆ ಪಕ್ಕದ ಹೊಲದವರನ್ನೋ ಲಾರಿಯವನನ್ನೋ ಈಗಲೇ ಕೇಳಿಡಬೇಕು. ಮಾತು ಮುಗಿಯುವಷ್ಟರಲ್ಲಿ ಹಾಲಿನ ಲಾರಿ ಬಂದು ನಿಲ್ಲುತ್ತದೆ, ಯಲಹಂಕದ ದಿಕ್ಕಿಗೆ ಹೊರಡುತ್ತದೆ.